ಬಚ್ಚಲ ಒಲೆಯ ಹೊಗೆ, ಕಸದ ಬುಟ್ಟಿಯ ಸೂಜಿ

ಈ ಸಲದ ಪತ್ರಗಳಲ್ಲಿ ಕಾಯಿಲೆಗಳ ಹೆಸರು ಕಡಿಮೆ, ಮನೆಯ ಸಾಮಾನುಗಳ ಹೆಸರೇ ಜಾಸ್ತಿ. ಒಲೆ, ಫಿಲ್ಟರ್, ತಟ್ಟೆ, ಎಣ್ಣೆ, ಕಸ. ಒಳ್ಳೆಯದೇ ಆಯಿತು. ಔಷಧಿ ಚೀಟಿ ಬರೆಯುವ ಮೊದಲು ನಾನೂ ರೋಗಿಗಳನ್ನು ಕೇಳುವುದು ಇವುಗಳ ಬಗ್ಗೆಯೇ.

ಪ್ರಶ್ನೆ: ನಮ್ಮ ಅತ್ತೆಗೆ 63 ವರ್ಷ. ಬೀಡಿ, ಸಿಗರೇಟು, ಹೊಗೆಸೊಪ್ಪು ಯಾವುದರ ಅಭ್ಯಾಸವೂ ಇಲ್ಲ. ಮೊದಲು ಕೆಮ್ಮು, ಕಫ ಇತ್ತು. ಈಗ ತೋಟದಿಂದ ಮನೆಗೆ ಏರು ಹತ್ತುವಾಗ ಏದುಸಿರು ಬರುತ್ತದೆ. ಡಾಕ್ಟರು ‘ಸಿಒಪಿಡಿ’ ಎಂದಿದ್ದಾರೆ. ಅದು ಸಿಗರೇಟು ಸೇದುವವರ ಕಾಯಿಲೆಯಲ್ಲವೇ? ಅಡುಗೆಗೆ ನಮ್ಮಲ್ಲಿ ಗ್ಯಾಸ್ ಇದೆ. ಸ್ನಾನದ ನೀರಿಗಷ್ಟೇ ಬಚ್ಚಲ ಒಲೆ.
– ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಲ್ಲೇ ಉತ್ತರ ಇದೆಯಮ್ಮ. ವರ್ಷಗಟ್ಟಲೆ ಹೊಗೆ ಕುಡಿದ ಶ್ವಾಸನಾಳಗಳು ಊದಿಕೊಂಡು ಕಿರಿದಾಗುವುದೇ ಸಿಒಪಿಡಿ. ಹೊಗೆ ಬೀಡಿಯದೋ ಕಟ್ಟಿಗೆಯದೋ ಎಂದು ಶ್ವಾಸಕೋಶ ವಿಚಾರಿಸುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಸಿಗರೇಟು ಮುಟ್ಟದ ಹೆಂಗಸರಿಗೆ ಈ ಕಾಯಿಲೆ ಬರುವುದಕ್ಕೆ ಮುಖ್ಯ ಕಾರಣ ಒಲೆಯ ಹೊಗೆಯೇ.

ಗ್ಯಾಸ್ ಬಂದ ಮೇಲೆ ಅಡುಗೆಮನೆಯ ಗೋಡೆ ಬೆಳ್ಳಗಾಯಿತು, ನಿಜ. ಬಚ್ಚಲು ಮಾತ್ರ ಹಾಗೇ ಉಳಿಯಿತು. ನಸುಕಿಗೇ ಎದ್ದು, ಹಂಡೆಯ ಕೆಳಗೆ ಬಗ್ಗಿ ಕೂತು ಊದುಗೊಳವೆ ಊದುವವರು ಹೆಚ್ಚಾಗಿ ಮನೆಯ ಹಿರಿಯ ಹೆಂಗಸೇ. ಮಳೆಗಾಲದಲ್ಲಿ ಕಟ್ಟಿಗೆ ಹಸಿ, ಎರಚಲಿಗೆ ಬಾಗಿಲೂ ಮುಚ್ಚಿರುತ್ತದೆ. ಇಷ್ಟು ಸಾಲದು ಎಂಬಂತೆ ಇನ್ನೊಂದು ಅಭ್ಯಾಸ ಸೇರಿಕೊಂಡಿದೆ. ನೀವು ಬರೆದಿಲ್ಲ, ಆದರೆ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ: ಒಲೆಯ ಪಕ್ಕದ ಮೂಲೆಯಲ್ಲಿ ಹಾಲಿನ ಪ್ಯಾಕೆಟ್ಟು, ಚಿಪ್ಸಿನ ಕವರು, ಗೊಬ್ಬರದ ಚೀಲದ ಚೂರು, ಯಾವುದೋ ಜಾತ್ರೆಯ ಹಳೆಯ ಫ್ಲೆಕ್ಸ್ ಒಟ್ಟಿರುತ್ತಾರೆ. ಕಸವೂ ಹೋಯಿತು, ಬೆಂಕಿಯೂ ಹತ್ತಿತು ಎಂಬ ಲೆಕ್ಕ.

ಆ ಲೆಕ್ಕ ತಪ್ಪು. ಒಲೆಯ ಅರೆಬರೆ ಉರಿಯಲ್ಲಿ ಪ್ಲಾಸ್ಟಿಕ್ ಪೂರ್ತಿ ಸುಡುವುದಿಲ್ಲ. ಫ್ಲೆಕ್ಸ್, ವೈರಿನ ಸಿಪ್ಪೆ, ಪೈಪಿನ ತುಂಡು ಇವೆಲ್ಲ ಪಿವಿಸಿ. ಅದರಲ್ಲಿರುವ ಕ್ಲೋರಿನ್‌ನಿಂದ ಶ್ವಾಸನಾಳ ಸುಡುವ ಆಮ್ಲದ ಆವಿಯೂ ಡಯಾಕ್ಸಿನ್ ಎಂಬ ವಿಷವೂ ಹುಟ್ಟುತ್ತವೆ. ಡಯಾಕ್ಸಿನ್ ಬೇಗ ಕರಗಿಹೋಗುವ ಜಾತಿಯದಲ್ಲ. ಬೂದಿಯ ಜೊತೆ ತೋಟಕ್ಕೆ ಹೋಗುತ್ತದೆ, ಹುಲ್ಲಿನ ಮೇಲೆ ಕೂರುತ್ತದೆ, ಹುಲ್ಲು ತಿಂದ ಹಸುವಿನ ಹಾಲಿನ ಕೊಬ್ಬಿನಲ್ಲಿ ಸೇರುತ್ತದೆ. ಇಂಥ ಬೂದಿಯಲ್ಲಿ ಪಾತ್ರೆ ತಿಕ್ಕುವವರೂ ಇದ್ದಾರೆ.

ಈಗ ಮಾಡಬೇಕಾದದ್ದು. ಅತ್ತೆಯವರಿಗೆ ಸ್ಪೈರೋಮೆಟ್ರಿ, ಅಂದರೆ ಊದಿ ನೋಡುವ ಪರೀಕ್ಷೆ ಆಗಿದೆಯೇ ಕೇಳಿ. ಆಗದಿದ್ದರೆ ಮಾಡಿಸಿ. ಇನ್‌ಹೇಲರ್ ಕೊಟ್ಟಿದ್ದರೆ ‘ಚಟವಾಗಿಬಿಡುತ್ತದೆ’ ಎಂದು ಬಿಡಿಸಬೇಡಿ, ಅದು ಚಟವಾಗುವ ವಸ್ತುವಲ್ಲ. ಎಳೆದುಕೊಳ್ಳುವ ಕ್ರಮವನ್ನು ಡಾಕ್ಟರ ಎದುರೇ ಒಮ್ಮೆ ಮಾಡಿ ತೋರಿಸಲಿ, ಅರ್ಧಕ್ಕರ್ಧ ಜನ ತಪ್ಪುವುದೇ ಅಲ್ಲಿ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿ. ಒಲೆ ಹಚ್ಚುವ ಕೆಲಸ ಇವತ್ತಿನಿಂದಲೇ ಅವರಿಗೆ ಬೇಡ. ಗಂಡಸರು ಹಚ್ಚಲಿ, ಅವರಿಗೂ ಬಿಸಿನೀರು ಬೇಕಲ್ಲ.

ಒಲೆಯನ್ನೇ ಬದಲಾಯಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯ ಹೆಸರು ಹಳಬರಿಗೆ ಗೊತ್ತಿರುತ್ತದೆ. ಕಟ್ಟಿಗೆ ಕಡಿಮೆ, ಹೊಗೆ ಕೊಳವೆಯಲ್ಲಿ ಮಾಡಿನಾಚೆಗೆ. ಆ ಬಗೆಯ ಒಲೆ ಕಟ್ಟಲು ಗೊತ್ತಿದ್ದವರು ಸಿಕ್ಕರೆ ಕಟ್ಟಿಸಿ. ಸಿಗದಿದ್ದರೆ ಇರುವ ಒಲೆಗೇ ಮಾಡಿಗಿಂತ ಎತ್ತರಕ್ಕೆ ಹೋಗುವ ಹೊಗೆಕೊಳವೆ ಹಾಕಿಸಿ. ಸೋಲಾರ್ ಒಳ್ಳೆಯದೇ, ಆದರೆ ಮಲೆನಾಡಿನ ಆಷಾಢದಲ್ಲಿ ಅದನ್ನೊಂದೇ ನಂಬಿ ಕೂರಲಾಗದು. ಉರಿ ಹಚ್ಚಲು ಒಣಗಿದ ಸೋಗೆ, ಕರಟ, ತೆಂಗಿನ ಗರಿ ಇದ್ದೇ ಇವೆ. ಹೊಗೆ ನಿಂತರೆ ಹೋದ ಶ್ವಾಸಕೋಶ ವಾಪಸು ಬರುವುದಿಲ್ಲ, ಇರುವುದು ಬೇಗ ಸವೆಯುವುದು ತಪ್ಪುತ್ತದೆ. ಅಷ್ಟು ಸಿಕ್ಕರೂ ಅವರು ಆ ಏರು ಹತ್ತಬಲ್ಲರು.

ಪ್ರಶ್ನೆ: ಮನೆಗೆ ಕಾವೇರಿ ನೀರು ಬರುತ್ತದೆ. ಆರ್‌ಒ ಫಿಲ್ಟರ್ ಹಾಕಿಸಿದ್ದೇವೆ. ಒಂದು ಕೊಡ ಕುಡಿಯುವ ನೀರಿಗೆ ಎರಡು ಮೂರು ಕೊಡ ಚರಂಡಿಗೆ ಹೋಗುವುದು ನೋಡಿ ಸಂಕಟವಾಗುತ್ತದೆ. ತಾಮ್ರದ ಬಿಂದಿಗೆ ಇದ್ದರೆ ಸಾಕು ಎನ್ನುತ್ತಾರೆ ಅಮ್ಮ.
– ಐಟಿ ಉದ್ಯೋಗಿ, ಬೆಂಗಳೂರು

ಉತ್ತರ: ಶುದ್ಧ ಕಾವೇರಿ ನೀರಿಗೆ ಆರ್‌ಒ ಬೇಡ. ನೀರಿನಲ್ಲಿ ಕರಗಿದ ಲವಣಾಂಶ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಭಾರತೀಯ ಮಾನಕ. ಕಾವೇರಿ ನೀರಿನಲ್ಲಿ ಅದು ತೀರಾ ಕಡಿಮೆ. 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ನಿಮ್ಮ ಭಯ ರೋಗಾಣುವಿನದಾದರೆ ನೀರು ಕೊತಕೊತ ಕುದಿಯಲಿ, ಒಂದು ನಿಮಿಷ ಸಾಕು.

ಆದರೆ ಅಪಾರ್ಟ್‌ಮೆಂಟಿನ ಸಂಪಿಗೆ ಕಾವೇರಿಯ ಜೊತೆ ಬೋರ್‌ವೆಲ್, ಟ್ಯಾಂಕರ್ ನೀರೂ ಬೀಳುತ್ತದೆಯೇ? ಹಾಗಿದ್ದರೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ಆಮೇಲೆ ನಿರ್ಧರಿಸಿ. ಪಾವಗಡ, ಕೋಲಾರ, ಬಾಗೇಪಲ್ಲಿ ಕಡೆಯ ಓದುಗರು ಮೇಲಿನ ಮಾತನ್ನು ತಮಗೆ ಹೇಳಿದ್ದೆಂದು ತಿಳಿಯಬಾರದು. ಅಲ್ಲಿನ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಮಕ್ಕಳ ಹಲ್ಲು ಹಳದಿ-ಕಂದಾಗುತ್ತದೆ, ಇನ್ನೂ ಹೆಚ್ಚಿನ ಮಟ್ಟದಲ್ಲಿ ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಅಲ್ಲಿ ಆರ್‌ಒ ಘಟಕದ ನೀರೇ ಸರಿ.

ಅಮ್ಮನ ಬಿಂದಿಗೆಯ ಬಗ್ಗೆ: ರಾತ್ರಿಯಿಡೀ ಇಟ್ಟ ನೀರಿನಲ್ಲಿ ತಾಮ್ರ ಕೆಲವು ಬ್ಯಾಕ್ಟೀರಿಯಾ ಕೊಲ್ಲುವುದು ಹೌದು. ಫ್ಲೋರೈಡ್, ನೈಟ್ರೇಟ್ ತೆಗೆಯುವ ಶಕ್ತಿ ಅದಕ್ಕಿಲ್ಲ. ಒಳ್ಳೆಯ ನೀರಿಟ್ಟು ಕುಡಿಯಲಿ, ಸಂತೋಷ. ಮಜ್ಜಿಗೆ, ನಿಂಬೆ ಪಾನಕ ಮಾತ್ರ ಅದರಲ್ಲಿಡಬಾರದು. ಹುಳಿಗೆ ತಾಮ್ರ ಬಿಟ್ಟುಕೊಂಡು ಹೊಟ್ಟೆ ತೊಳಸಿ ವಾಂತಿಯಾಗುತ್ತದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ದಿನಕ್ಕೆರಡು ಸಲ ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ಸೂಜಿಗಳನ್ನು ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕುತ್ತಿದ್ದೆ. ಮೊನ್ನೆ ಕಸದ ಗಾಡಿಯ ಹೆಣ್ಣುಮಗಳು ಕೈ ತೋರಿಸಿ ಬೈದಳು. ಏನು ಮಾಡಲಿ?
– ದಾವಣಗೆರೆ

ಉತ್ತರ: ಬೈದದ್ದು ಸರಿಯಾಗಿದೆ ಮೇಷ್ಟ್ರೇ. ನಮ್ಮ ಪೌರಕಾರ್ಮಿಕರಲ್ಲಿ ಎಷ್ಟೋ ಜನ ಬರಿಗೈಯಲ್ಲಿ ಕಸ ಬೇರ್ಪಡಿಸುತ್ತಾರೆ, ಕೈಗವಸು ಇದ್ದರೂ ಸೂಜಿಗೆ ಅದು ತಡೆಯಲ್ಲ. ಚುಚ್ಚಿದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಭಯ. ಇವುಗಳಲ್ಲಿ ಹೆಪಟೈಟಿಸ್ ಬಿ ವೈರಸ್ ಗಟ್ಟಿ ಪಿಂಡ: ಒಣಗಿದ ರಕ್ತದಲ್ಲೂ ಏಳು ದಿನದವರೆಗೆ ಬದುಕಿರಬಲ್ಲದು. ನಿಮಗೆ ಆ ಕಾಯಿಲೆ ಇಲ್ಲದಿರಬಹುದು, ಆದರೆ ಚುಚ್ಚಿಸಿಕೊಂಡವಳಿಗೆ ಅದು ಹೇಗೆ ತಿಳಿಯಬೇಕು? ಪರೀಕ್ಷೆಯ ಫಲಿತಾಂಶ ಬರುವವರೆಗೆ ಅವಳಿಗೂ ಅವಳ ಮನೆಯವರಿಗೂ ನಿದ್ದೆ ಇರುವುದಿಲ್ಲ.

ಖಾಲಿಯಾದ ಫಿನಾಯಿಲ್ ಅಥವಾ ಬಟ್ಟೆಸೋಪಿನ ದ್ರಾವಣದ ದಪ್ಪ ಬಾಟಲಿ ಇಟ್ಟುಕೊಳ್ಳಿ, ತಿರುಗಿಸಿ ಮುಚ್ಚುವ ಮುಚ್ಚಳವಿರಲಿ. ತೆಳು ನೀರಿನ ಬಾಟಲಿ ಬೇಡ, ಸೂಜಿ ಹೊರಗೆ ಬರುತ್ತದೆ. ಚುಚ್ಚಿಕೊಂಡ ತಕ್ಷಣ ಸೂಜಿ ಅದರೊಳಗೆ. ಮುಕ್ಕಾಲು ತುಂಬಿದ ಮೇಲೆ ಮುಚ್ಚಳಕ್ಕೆ ಟೇಪ್ ಸುತ್ತಿ, ಮೇಲೆ ‘ಸೂಜಿ ಇದೆ’ ಎಂದು ದಪ್ಪಕ್ಷರದಲ್ಲಿ ಬರೆದು ನೀವು ತೋರಿಸುವ ಆಸ್ಪತ್ರೆಗೆ ಕೊಡಿ. ಆಸ್ಪತ್ರೆಗಳ ಜೈವಿಕ ತ್ಯಾಜ್ಯ ಬೇರೆಯೇ ಹೋಗುತ್ತದೆ, ತೆಗೆದುಕೊಳ್ಳುತ್ತೀರಾ ಎಂದು ನರ್ಸಮ್ಮನನ್ನು ಕೇಳಿ ನೋಡಿ. ಆಗದಿದ್ದರೆ ಕಸದ ಗಾಡಿಯವರ ಕೈಗೇ, ಹೇಳಿ, ಬೇರೆಯಾಗಿ ಕೊಡಿ. 2016ರ ಘನತ್ಯಾಜ್ಯ ನಿಯಮಗಳಲ್ಲೇ ಬಳಸಿದ ಸೂಜಿ, ಅವಧಿ ಮುಗಿದ ಔಷಧಿ, ಬ್ಯಾಟರಿ, ಒಡೆದ ಪಾದರಸದ ಥರ್ಮಾಮೀಟರ್ ಇವೆಲ್ಲ ಮನೆಯ ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಸೇರಿದ್ದವು, ಹಸಿ ಕಸ ಒಣ ಕಸದ ಜೊತೆ ಇವು ಸೇರಬಾರದು. ಆ ಹೆಣ್ಣುಮಗಳಿಗೆ ಸೂಜಿ ಚುಚ್ಚಿದೆಯೇ ಎಂದು ಮೊದಲು ವಿಚಾರಿಸಿ. ಚುಚ್ಚಿದ್ದರೆ ಇವತ್ತೇ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ, ನಿಮ್ಮ ರಕ್ತವನ್ನೂ ಪರೀಕ್ಷೆಗೆ ಕೊಡಿ.

ಅಂದ ಹಾಗೆ, ಇನ್ಸುಲಿನ್ ಬಗ್ಗೆ ಒಂದು ಮಾತು. ತೆರೆದು ಬಳಸುತ್ತಿರುವ ಸೀಸೆ 30 ಡಿಗ್ರಿ ಮೀರದ ಕಡೆ ಸುಮಾರು ನಾಲ್ಕು ವಾರ ಕೆಡುವುದಿಲ್ಲ. ಕರೆಂಟು ಕೈಕೊಡುವ ಊರುಗಳಲ್ಲಿ, ಬೇಸಿಗೆಯಲ್ಲಿ, ಅಗಲದ ಮಣ್ಣಿನ ಮಡಿಕೆಯಲ್ಲಿ ಒದ್ದೆ ಮರಳು ಹಾಕಿ ಅದರೊಳಗೆ ಚಿಕ್ಕ ಮಡಿಕೆ ಇಟ್ಟು, ಸೀಸೆಯನ್ನು ಕವರಿನಲ್ಲಿ ಸುತ್ತಿ ಅದರಲ್ಲಿಡಬಹುದು. ಫ್ರೀಜರಿನಲ್ಲಿ ಹೆಪ್ಪುಗಟ್ಟಿದ ಇನ್ಸುಲಿನ್ ಮಾತ್ರ ಮತ್ತೆ ಬಳಸಬಾರದು.

ಪ್ರಶ್ನೆ: ಹಬ್ಬದಲ್ಲಿ ಕಜ್ಜಾಯ ಕರಿದ ಎಣ್ಣೆ ಒಂದು ಬಾಣಲೆ ಉಳಿದಿದೆ. ಚೆಲ್ಲಲು ಮನಸ್ಸಿಲ್ಲ.
– ಹಾಸನ

ಉತ್ತರ: ಸೋಸಿಟ್ಟು ಒಂದೆರಡು ದಿನದಲ್ಲಿ ಒಗ್ಗರಣೆಗೆ ಮುಗಿಸಿ. ಮತ್ತೆ ಕರಿಯಬೇಡಿ. ನೊರೆ ಬಂದರೆ, ಜಿಗುಟಾದರೆ, ಕಮಟು ವಾಸನೆ ಹೊಡೆದರೆ ಅದು ಮುಗಿದ ಎಣ್ಣೆ. ಸಿಂಕಿಗೆ ಸುರಿದರೆ ಪೈಪು ಕಟ್ಟುತ್ತದೆ, ಹಳೆಯ ಪೇಪರಿಗೆ ಹೀರಿಸಿ ಕಸಕ್ಕೆ ಕೊಡಿ. ಮುಂದಿನ ಹಬ್ಬಕ್ಕೆ ಚಿಕ್ಕ ಬಾಣಲೆ ಇಡಿ.

ಪ್ರಶ್ನೆ: ನಮ್ಮದು ಹಾಳೆ ತಟ್ಟೆ ಮಾಡುವ ಸಣ್ಣ ಘಟಕ. ಅಮೆರಿಕದವರು ಅಡಿಕೆ ಹಾಳೆ ತಟ್ಟೆ ಅಪಾಯ ಎಂದರಂತೆ. ನಿಜವೇ? ಪ್ಲಾಸ್ಟಿಕ್‌ಗಿಂತ ಇದು ಒಳ್ಳೆಯದಲ್ಲವೇ?
– ಶಿರಸಿ

ಉತ್ತರ: ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ, ಹಾಳೆಯಲ್ಲಿರುವ ಅಡಿಕೆಯ ಆಲ್ಕಲಾಯ್ಡ್‌ಗಳು ಊಟಕ್ಕೆ ಇಳಿಯಬಹುದು, ಆಹಾರ ಬಡಿಸಲು ಇದಕ್ಕೆ ಅನುಮತಿ ಇಲ್ಲ ಎಂದದ್ದು ನಿಜ. ನನ್ನ ಅಭಿಪ್ರಾಯ ಕೇಳಿದರೆ: ಮದುವೆಮನೆಯಲ್ಲಿ ಎಂದೋ ಒಂದು ದಿನ ಉಂಡವರು ಹೆದರಬೇಕಿಲ್ಲ. ದಿನನಿತ್ಯ ಮನೆಯಲ್ಲಿ, ಅದರಲ್ಲೂ ಮಕ್ಕಳಿಗೆ ಬಿಸಿ ಸಾರನ್ನ ಬಡಿಸಲು ಸ್ಟೀಲ್ ತಟ್ಟೆ ಇರುವಾಗ ಇದೇಕೆ? ಬೂಸಲು ಹಿಡಿದು ಕಪ್ಪು ಚುಕ್ಕೆಯಾದ ತಟ್ಟೆಯನ್ನು ಯಾವ ಕಾರಣಕ್ಕೂ ಮಾರಬೇಡಿ. ಬಾಳೆ ಎಲೆ, ಮುತ್ತುಗದ ಎಲೆಯ ಮೇಲೆ ಯಾರ ತಕರಾರೂ ಇಲ್ಲ. ತಮಾಷೆಯೆಂದರೆ, ತಟ್ಟೆಯ ಬಗ್ಗೆ ನನ್ನನ್ನು ಕೇಳುವವರಲ್ಲಿ ಅನೇಕರು ಊಟವಾದ ಮೇಲೆ ಎಲೆ-ಅಡಿಕೆಯ ಕವಳ ಹಾಕುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ತಂಬಾಕಿಲ್ಲದ ಬರೀ ಅಡಿಕೆಯನ್ನೂ 2004ರಲ್ಲೇ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಅದು ತಟ್ಟೆಯಂತೆ ಅನುಮಾನದ ವಿಷಯವಲ್ಲ, ಬಾಯಿ ಬಿಗಿದು ಎರಡು ಬೆರಳೂ ಹೋಗದವರನ್ನು ದಂತವೈದ್ಯರು ದಿನವೂ ನೋಡುತ್ತಿದ್ದಾರೆ.

ಪ್ರಶ್ನೆ: ಹಾಸ್ಟೆಲಿನಲ್ಲಿ ಪ್ಯಾಡ್ ಎಸೆಯುವುದೇ ದೊಡ್ಡ ಸಮಸ್ಯೆ. ಮುಟ್ಟಿನ ಕಪ್ ಮದುವೆಯಾಗದವರು ಬಳಸಬಹುದೇ?
– ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಬಳಸಬಹುದಮ್ಮ. ಅದಕ್ಕೂ ಮದುವೆಗೂ ಸಂಬಂಧವಿಲ್ಲ. ನಿಮ್ಮ ಜಿಲ್ಲೆಯಲ್ಲೇ 2022ರಲ್ಲಿ ಸರ್ಕಾರ ‘ಮೈತ್ರಿ ಮುಟ್ಟಿನ ಕಪ್’ ಯೋಜನೆಯಲ್ಲಿ ವಿದ್ಯಾರ್ಥಿನಿಯರಿಗೆ ಕಪ್ ಹಂಚಿತ್ತು. ವೈದ್ಯಕೀಯ ದರ್ಜೆಯ ಸಿಲಿಕೋನಿನದೇ ಕೊಳ್ಳಿ, ಚಿಕ್ಕ ಅಳತೆಯದು. ಮೊದಲ ಒಂದೆರಡು ತಿಂಗಳು ಕಿರಿಕಿರಿ ಅನ್ನಿಸುತ್ತದೆ. ಹೆಚ್ಚೆಂದರೆ 12 ಗಂಟೆಗೊಮ್ಮೆ ಖಾಲಿ ಮಾಡಿ, ತೆಗೆಯುವಾಗ ಬುಡ ಒತ್ತಿ ಗಾಳಿ ಬಿಡಿಸಿ ತೆಗೆಯಿರಿ, ಪ್ರತಿ ತಿಂಗಳು ಮುಟ್ಟು ಮುಗಿದ ಮೇಲೆ ಐದು ನಿಮಿಷ ಕುದಿಸಿ. ಗರ್ಭಕೋಶದಲ್ಲಿ ಕಾಪರ್-ಟಿ ಇರುವವರು ವೈದ್ಯರನ್ನು ಕೇಳಿಯೇ ಬಳಸಬೇಕು. ಬೇಡವೆನಿಸಿದರೆ ಹತ್ತಿಬಟ್ಟೆಯೂ ಕೆಟ್ಟದ್ದಲ್ಲ. ನಾಚಿಕೆಗೆ ಬೇರೆ ಬಟ್ಟೆಯ ಅಡಿಯಲ್ಲಿ, ಕತ್ತಲೆಯಲ್ಲಿ ಒಣಹಾಕುವುದೇ ಸೋಂಕಿಗೆ ದಾರಿ. ಬಿಸಿಲಿಗೆ ಹಾಕಿ.

ಪ್ರಶ್ನೆ: ಮಗುವಿನ ಆ್ಯಂಟಿಬಯಾಟಿಕ್ ಸಿರಪ್ಪು ಅರ್ಧ ಉಳಿದಿದೆ. ಮುಂದಿನ ಜ್ವರಕ್ಕೆ ಇಟ್ಟುಕೊಳ್ಳಲೇ?
– ಗದಗ

ಉತ್ತರ: ಬೇಡ. ನೀರು ಬೆರೆಸಿದ ಆ ಪುಡಿ ಒಂದೆರಡು ವಾರದಲ್ಲೇ ಕೆಡುತ್ತದೆ, ಮುಂದಿನ ಜ್ವರ ವೈರಸ್ಸಿನದಾದರೆ ಅದು ಕೆಲಸಕ್ಕೂ ಬಾರದು. ಮೋರಿಗೆ ಸುರಿಯಬೇಡಿ, ಅಲ್ಲಿನ ಬ್ಯಾಕ್ಟೀರಿಯಾಗಳು ಆ ಔಷಧಿಗೆ ಪಳಗುತ್ತವೆ. ಮುಚ್ಚಳ ಬಿಗಿ ಮಾಡಿ ಸೂಜಿಯ ಹಾಗೆಯೇ ಬೇರೆಯಾಗಿ ಕೊಡಿ. ಡಾಕ್ಟರು ಹೇಳಿದಷ್ಟು ದಿನ ಪೂರ್ತಿ ಕೊಟ್ಟಿದ್ದರೆ ಅರ್ಧ ಸೀಸೆ ಹೇಗೆ ಉಳಿಯಿತು ಎಂಬುದನ್ನೂ ಒಮ್ಮೆ ನೋಡಿಕೊಳ್ಳಿ.

ಪತ್ರ ಬರೆಯುವವರು ರೋಗಿಯ ವಯಸ್ಸು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು, ಕುಡಿಯುವ ನೀರಿನ ಮೂಲ ಮತ್ತು ಮನೆಯಲ್ಲಿ ಯಾವ ಯಾವ ಒಲೆ ಉರಿಯುತ್ತದೆ ಎಂಬುದನ್ನು ದಯವಿಟ್ಟು ತಪ್ಪದೆ ತಿಳಿಸಿ.