ಸಮ್ಮೇಳನದ ಶುಲ್ಕ, ಸಮ್ಮೇಳನದ ಫಲ

1998ರಲ್ಲಿ ಬ್ಯಾಂಗಲೋರ್ ಐಟಿ.ಕಾಂ ಎಂಬ ಹೆಸರಿನಿಂದ ಆರಂಭವಾಗಿ ಈಗ ಬೆಂಗಳೂರು ಟೆಕ್ ಸಮ್ಮಿಟ್ ಎನಿಸಿಕೊಂಡಿರುವ ಮಹಾಮೇಳವಾಗಲಿ, 2009ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮೊದಲ ಬಾರಿ ನೆರೆದ ಪೈಕಾನ್ ಇಂಡಿಯಾದಂತಹ ಅಭ್ಯಾಸಿಗಳ ಕೂಟವಾಗಲಿ, ಇಂತಹ ಸಮ್ಮೇಳನಕ್ಕೆ ಹೋಗಬೇಕೆಂದು ಸಂಕಲ್ಪಿಸುವವನು ಮೊದಲು ವಿಚಾರಿಸುವುದು ಪ್ರವೇಶ ಶುಲ್ಕವನ್ನು. ಮೈಸೂರಿನಲ್ಲಿ ಸಣ್ಣ ಅಂಗಡಿಗಳಿಗೆ ಲೆಕ್ಕಪತ್ರದ ತಂತ್ರಾಂಶ ಬರೆದುಕೊಟ್ಟು ಜೀವಿಸುವ ನಾನೂ ಹಾಗೆಯೇ ಮಾಡಿದೆನು. ಶುಲ್ಕ 5,000 ರೂಪಾಯಿ, ಅದರ ಮೇಲೆ ಶೇಕಡ 18ರಂತೆ ಜಿಎಸ್‌ಟಿ 900, ರೈಲು, ವಸತಿ, ಊಟಗಳಿಗೆ 4,300; ಇವಿಷ್ಟನ್ನು ಬರೆದ ಮೇಲೆ, ಮೂರು ದಿನ ಕೆಲಸ ನಿಂತುದರಿಂದ ತಪ್ಪಿದ 12,000 ರೂಪಾಯಿಗಳ ಸಂಪಾದನೆಯನ್ನೂ ಸೇರಿಸಿದಾಗ ಮೊತ್ತ 22,200ಕ್ಕೆ ಮುಟ್ಟಿತು. ನಿಜವಾದ ವ್ಯಯ ಕಾಲದ್ದೆಂಬುದು ನನಗೆ ಆ ಕಾಗದದ ಮೇಲೆ ಗೋಚರಿಸಿತು.

ಆದರೂ ಆ ವರ್ಷ ನಾನು ಒಂದು ಸಭಾಂಗಣದಿಂದ ಇನ್ನೊಂದಕ್ಕೆ ನಡೆದು, ಉಪನ್ಯಾಸಗಳನ್ನೆಲ್ಲ ಪುಟಗಟ್ಟಲೆ ಬರೆದುಕೊಂಡು ಮರಳಿದೆನು. ಕೆಲವು ವಾರಗಳಲ್ಲೇ ಅವೆಲ್ಲವೂ ಯೂಟ್ಯೂಬಿನಲ್ಲಿ ಉಚಿತವಾಗಿ ದೊರೆತವು. ಮನೆಯಲ್ಲಿ ಕುಳಿತು ಕೇಳಬಹುದಾದುದಕ್ಕೆ ನಾನು ಮೂರು ದಿನಗಳನ್ನು ತೆತ್ತಿದ್ದೆ.

ಮರುವರ್ಷ, ಮುಂಗಡ ರಿಯಾಯಿತಿಯಲ್ಲಿ ಟಿಕೆಟ್ ಕೊಂಡ ದಿನವೇ, ನೋಟ್‌ಪುಸ್ತಕದ ರಟ್ಟಿನ ಒಳಮೈಯಲ್ಲಿ ನನ್ನ ಉದ್ಯೋಗಕ್ಕೆ ಸಂಬಂಧಿಸಿದ ಮೂರು ಪ್ರಶ್ನೆಗಳನ್ನು ಬರೆದಿಟ್ಟೆನು. ಗ್ರಾಹಕರು ಹೆಚ್ಚದಿದ್ದರೂ ಕ್ಲೌಡ್ ಬಾಡಿಗೆ ತಿಂಗಳು ತಿಂಗಳೂ ಏಕೆ ಏರುತ್ತಿದೆಯೆಂಬುದು ಅವುಗಳಲ್ಲಿ ಎರಡನೆಯದು. ಊಟದ ನಂತರ ಕಾಫಿಯ ಮೇಜಿನ ಬಳಿ, ಬೆಳಿಗ್ಗೆ ಉಪನ್ಯಾಸ ಮಾಡಿದ್ದ ಎಂಜಿನಿಯರೊಬ್ಬರನ್ನು ಸಂಧಿಸಿ ಅದನ್ನು ಕೇಳಿದೆನು. ಅವರು ಲೋಟವನ್ನು ಕೆಳಗಿಟ್ಟು, ನನ್ನ ಫೋನಿನಲ್ಲಿದ್ದ ಬಿಲ್ಲನ್ನು ಬೆರಳಿನಿಂದ ಸರಿಸುತ್ತಾ ಹೋಗಿ, ಒಂದು ಸಾಲಿನ ಮೇಲೆ ನಿಂತರು: “ಸರ್, ದಿನಾ ರಾತ್ರಿ ಒಂದು ಸ್ನ್ಯಾಪ್‌ಶಾಟ್ ತೆಗೀತಿದೀರಿ, ಹಳೇದನ್ನ ಅಳಿಸೋ ನಿಯಮಾನೇ ಹಾಕಿಲ್ಲವಲ್ಲ!” ಮೂವತ್ತು ದಿನ ಮೀರಿದ ಪ್ರತಿಗಳು ತಾವಾಗಿ ಅಳಿಯುವಂತೆ ಆ ರಾತ್ರಿಯೇ ಏರ್ಪಡಿಸಿದೆನು. 9,400 ರೂಪಾಯಿ ಇದ್ದ ಬಾಡಿಗೆ ಮುಂದಿನ ತಿಂಗಳು 6,100ಕ್ಕೆ ಇಳಿಯಿತು; ಏಳು ತಿಂಗಳಲ್ಲಿ ಆ ಪ್ರಯಾಣದ ಸಮಸ್ತ ವೆಚ್ಚವೂ ಮರಳಿತು.

ತೆರಿಗೆಯ ವಿಷಯವನ್ನೂ ಹೇಳಬೇಕು. ವೃತ್ತಿಯ ಲೆಕ್ಕವನ್ನು ಪೂರ್ಣವಾಗಿ ಇಡುವವರು ಶುಲ್ಕ, ಪ್ರಯಾಣಗಳನ್ನು ವೃತ್ತಿವೆಚ್ಚವಾಗಿ ಕಳೆಯಬಹುದು. ಸ್ವೀಕೃತಿಯ ಅರ್ಧವನ್ನು ಆದಾಯವೆಂದು ತೋರಿಸುವ ಅಂದಾಜು ಪದ್ಧತಿಯವರಿಗೆ ಬೇರೆ ಕಡಿತವಿಲ್ಲ. ಸಂಬಳದಾರರಿಗೂ ಇಲ್ಲವಾದುದರಿಂದ, ಅವರು ವೆಚ್ಚವನ್ನು ಭರಿಸುವಂತೆ ತಮ್ಮ ಸಂಸ್ಥೆಯನ್ನು ಸಂಕೋಚವಿಲ್ಲದೆ ಕೇಳಬೇಕು. ಜಿಎಸ್‌ಟಿ ನೋಂದಣಿಯುಳ್ಳವರು ಟಿಕೆಟ್ ಕೊಳ್ಳುವಾಗಲೇ ತಮ್ಮ ಸಂಖ್ಯೆಯನ್ನು ನಮೂದಿಸತಕ್ಕದ್ದು. ಇನ್ನು ಪ್ರಯಾಣದ ಮಾತು: ಬೆಂಗಳೂರಿನ ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರಕ್ಕೆ ಹೋಗುವವರಿಗೆ 2024ರ ನವೆಂಬರಿನಿಂದ ಮೆಜೆಸ್ಟಿಕ್‌ನಿಂದ ಮಾದಾವರದವರೆಗೆ ಮೆಟ್ರೊ ಇದೆ. ಟ್ಯಾಕ್ಸಿಯ ಹಣ ಉಳಿಯುತ್ತದೆ.

ಆ ಎಂಜಿನಿಯರ್ ಅವರಿಗೆ, ಬಿಲ್ಲು ಇಳಿದ ಕೂಡಲೇ, ಎರಡೂ ತಿಂಗಳ ಅಂಕಿಗಳನ್ನು ಬರೆದು ಕೃತಜ್ಞತೆ ತಿಳಿಸಿದೆನು. ಎರಡು ತಿಂಗಳ ತರುವಾಯ ಅವರು, ಮಂಡ್ಯದಲ್ಲಿ ಔಷಧದಂಗಡಿ ನಡೆಸುವ ತಮ್ಮ ಸೋದರಮಾವನವರನ್ನು ನನ್ನಲ್ಲಿಗೆ ಕಳುಹಿಸಿದರು. ಆ ಅಂಗಡಿಯ ಲೆಕ್ಕವನ್ನು ಇಂದಿಗೂ ನಾನೇ ನೋಡಿಕೊಳ್ಳುತ್ತಿದ್ದೇನೆ.