ವಾಚು ನೋಡಿ ಮುದ್ದೆ ಬಡಿಸಿಕೊಳ್ಳಬೇಡ

ಮಗೂ, ವಾಚು ಚೆನ್ನಾಗಿದೆ. ದಿನಾ ಕಟ್ಟಿಕೋ, ನಡಿ, ಓಡು. ಆದರೆ ಅದು ತೋರಿಸಿದ ಕ್ಯಾಲೊರಿಯನ್ನು ನಂಬಿ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿಸಿಕೊಳ್ಳಬೇಡ. ಹೇಳಬೇಕಾದ್ದು ಇಷ್ಟೇ, ಮಕ್ಕಳಿಗೆ ಪಿ.ಟಿ. ಮಾಡಿಸಿ ನಿವೃತ್ತನಾದವನ ಬಾಯಿ ಅಷ್ಟಕ್ಕೇ ನಿಲ್ಲುವುದಿಲ್ಲ, ಕೇಳು.

ಕ್ಯಾಲೊರಿಯನ್ನು ಅದು ಅಳೆಯುವುದೇ ಇಲ್ಲ. ನಿಜವಾಗಿ ಅಳೆಯಬೇಕಾದರೆ ಮೂಗು ಬಾಯಿಗೆ ಮುಸುಕು ಹಾಕಿ, ಮೈ ಬಳಸಿಕೊಂಡ ಆಮ್ಲಜನಕ ಎಷ್ಟು ಎಂದು ಪ್ರಯೋಗಾಲಯದಲ್ಲಿ ನೋಡಬೇಕು. ವಾಚಿನ ಅಡಿಯ ಹಸಿರು ಬೆಳಕು ಚರ್ಮದೊಳಗಿನ ರಕ್ತದ ಏರಿಳಿತ ಹಿಡಿದು ನಾಡಿ ಎಣಿಸುತ್ತದೆ. ಒಳಗಿನ ಇನ್ನೊಂದು ಸೆನ್ಸರ್ ಕೈಯ ಅಲುಗಾಟ ನೋಡುತ್ತದೆ. ಇವೆರಡರ ಜೊತೆ ನೀನು ಕೊಟ್ಟ ವಯಸ್ಸು, ಎತ್ತರ, ತೂಕ ಸೇರಿಸಿ ಕಂಪನಿಯ ಸೂತ್ರ ಒಂದು ಅಂದಾಜು ಹೇಳುತ್ತದೆ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ವಾಚುಗಳನ್ನು 60 ಜನರ ಕೈಗೆ ಕಟ್ಟಿ ಪರೀಕ್ಷಿಸಿದರು. ನಾಡಿಯ ಲೆಕ್ಕದಲ್ಲಿ ಆರು ವಾಚುಗಳ ತಪ್ಪು ಶೇ. 5ರೊಳಗೆ ಇತ್ತು. ಕ್ಯಾಲೊರಿಗೆ ಬಂದರೆ, ಇದ್ದುದರಲ್ಲಿ ಒಳ್ಳೆಯದೇ ಸರಾಸರಿ ಶೇ. 27ರಷ್ಟು ತಪ್ಪಿತು, ತೀರಾ ಕೆಟ್ಟದ್ದು ಶೇ. 93ರಷ್ಟು. ಆಮೇಲೆ ವಾಚುಗಳು ಸುಧಾರಿಸಿರಬಹುದು. ಅಂದಾಜು ಮಾತ್ರ ಅಂದಾಜೇ.

ಇನ್ನೊಂದು ಮೋಸ ಇದೆ, ಅದು ವಾಚಿನದಲ್ಲ, ನಮ್ಮ ಓದಿನದು. 70 ಕಿಲೋ ತೂಕದವರು ಸಮತಟ್ಟು ರಸ್ತೆಯಲ್ಲಿ ಒಂದು ಗಂಟೆಗೆ 5 ಕಿಲೋಮೀಟರ್ ನಡೆದರೆ ಸುಮಾರು 250 ಕ್ಯಾಲೊರಿ ಖರ್ಚು. ಅದರಲ್ಲಿ 75ರಷ್ಟು ಜಗಲಿ ಮೇಲೆ ಸುಮ್ಮನೆ ಕೂತಿದ್ದರೂ ಆಗುತ್ತಿತ್ತು. ನಡಿಗೆಯಿಂದ ಬಂದದ್ದು 175. ನೂರು ಗ್ರಾಂ ರಾಗಿಹಿಟ್ಟಿನಲ್ಲಿ 320ರಷ್ಟಿರುತ್ತದೆ, ನೀನೇ ಹಾಕು ಲೆಕ್ಕ: ಗಂಟೆಯ ನಡಿಗೆ ಅರವತ್ತು ಗ್ರಾಂ ಹಿಟ್ಟಿಗೂ ಸಾಲದು! ಹಾಗಾಗಿ ಆ್ಯಪಿನಲ್ಲಿ 'ಟೋಟಲ್' ಬಿಟ್ಟು 'ಆ್ಯಕ್ಟಿವ್' ಎಂದಿರುವುದನ್ನು ನೋಡು.

ಕಟ್ಟಿಕೊಳ್ಳುವ ರೀತಿಯೂ ಮುಖ್ಯ. ನಮ್ಮ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾದ ಊರು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಬಳೆ ಇಲ್ಲಿನ ಕುಲುಮೆಯಿಂದ ಬರುತ್ತಿದ್ದವು. ಬಳೆ ಕೈಯಲ್ಲಿ ಆಡುತ್ತಿದ್ದರೇ ಚೆಂದ. ವಾಚು ಹಾಗೆ ಆಡಿದರೆ ಸಂದಿಯಿಂದ ಬೆಳಕು ನುಗ್ಗಿ ನಾಡಿಯ ಎಣಿಕೆ ಕೆಡುತ್ತದೆ. ವ್ಯಾಯಾಮದ ಹೊತ್ತಿನಲ್ಲಿ ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲಕ್ಕೆ ಸರಿಸಿ, ಅಲುಗದಷ್ಟು ಬಿಗಿ ಮಾಡು. ನಾಡಿ ಇನ್ನೂ ಖಚಿತವಾಗಿ ಬೇಕೆಂದರೆ ಎದೆಗೆ ಕಟ್ಟುವ ಪಟ್ಟಿ ಸಿಗುತ್ತದೆ. ತೂಕ ಇಳಿದಾಗ, ಏರಿದಾಗ ಆ್ಯಪಿನಲ್ಲೂ ಬದಲಾಯಿಸು. ಮದುವೆಗೆ ಮುಂಚಿನ ತೂಕವನ್ನೇ ಇಟ್ಟುಕೊಂಡವರು ಬಹಳ ಜನ.

ಊರಿಗೆ ಬಂದಾಗ ವಾಚಿಗೆ ಇನ್ನಷ್ಟು ಗೊಂದಲ. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಒಂದು ಕೈಯಲ್ಲಿ ಹಿಡಿದು ನಡೆದರೆ, ಬೀಸದ ಆ ಕೈಯ ವಾಚು ಹೆಜ್ಜೆಗಳನ್ನು ಬಿಟ್ಟುಬಿಡುತ್ತದೆ. ಹೊರೆಯ ತೂಕವಂತೂ ಅದಕ್ಕೆ ಗೊತ್ತೇ ಇಲ್ಲ. ತೆಂಗಿನ ಪಾತಿ ಬಿಡಿಸುವ ಚಿಕ್ಕಣ್ಣನ ಗುದ್ದಲಿ ಏಟು ಅದಕ್ಕೆ ಹೆಜ್ಜೆಯಂತೆ ಕಾಣಬಹುದು. ಹೊಸದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಎದುರುಗಾಳಿಗೆ ಸೈಕಲ್ ತುಳಿದು ನೋಡು: ವೇಗ ಅರ್ಧ, ಏದುಸಿರು ದುಪ್ಪಟ್ಟು. ಬರೀ ದೂರ, ವೇಗ ನೋಡುವ ಸೂತ್ರಕ್ಕೆ ಆ ಗಾಳಿ ತಟ್ಟುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಇದಕ್ಕೆ ತದ್ವಿರುದ್ಧ. ಸೆಕೆಗೇ ಎದೆಬಡಿತ ಏರುತ್ತದೆ, ವಾಚು ಅದನ್ನೂ ದುಡಿಮೆ ಎಂದುಕೊಂಡು ಕ್ಯಾಲೊರಿ ಹೆಚ್ಚಿಸುತ್ತದೆ. ಗಟ್ಟಿ ಕಾಫಿ ಕುಡಿದು ಹೊರಟರೂ ಕೆಲವರಿಗೆ ಹೀಗಾಗುತ್ತದೆ.

ಹಾಗಾದರೆ ಬಿಸಾಡಲೇ ಅಂತೀಯ. ಬೇಡ. ಅದೇ ವಾಚು, ಅದೇ ದಾರಿ, ಅದೇ ಹೊತ್ತು ಇಟ್ಟುಕೊಂಡರೆ ಈ ವಾರಕ್ಕೂ ಹೋದ ವಾರಕ್ಕೂ ಇರುವ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಅದೇ ವೇಗಕ್ಕೆ ನಾಡಿ ಮೊದಲಿಗಿಂತ ಕಡಿಮೆ ಓಡುತ್ತಿದ್ದರೆ ಮೈ ಪಳಗುತ್ತಿದೆ. ನನಗೆ ಕ್ಯಾಲೊರಿಗಿಂತ ಆ ಅಂಕಿಯೇ ಇಷ್ಟ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ವಾರಕ್ಕೊಮ್ಮೆ ತೂಕ ನೋಡಿ ಬರೆದಿಡು, ದಿನದ ಊಟವನ್ನೂ ಬರೆದಿಡು. ತಿಂಗಳಾದರೂ ತೂಕ ಇಳಿಯದೆ, ವಾಚು ಮಾತ್ರ ದಿನಾ ಭಾರಿ ಖರ್ಚು ತೋರಿಸುತ್ತಿದ್ದರೆ, ತಕ್ಕಡಿಯನ್ನು ನಂಬು. ವಾಚಿನ ಅಂಕಿಯಲ್ಲಿ ಕಾಲುಭಾಗ ಕಳೆದು, ಬರೆದಿಟ್ಟ ಊಟದ ಜೊತೆ ಮತ್ತೆ ಹೋಲಿಸು.

ಬಿಪಿ ಮಾತ್ರೆ ನುಂಗುವ ನಿಮ್ಮಪ್ಪನಿಗೆ ಮಾತ್ರ ಈ ಲೆಕ್ಕ ಬೇರೆ. ಮೆಟೊಪ್ರೊಲಾಲ್, ಅಟೆನೊಲಾಲ್ ತರಹದ ಬಿಪಿ ಮಾತ್ರೆ ಎದೆಬಡಿತವನ್ನೇ ತಗ್ಗಿಸಿ ಇಡುತ್ತವೆ. ಅಂಥದ್ದು ನುಂಗುವವರು ಬೆವರು ಸುರಿಸಿ ನಡೆದರೂ ವಾಚಿಗೆ ಕಡಿಮೆ ದುಡಿದ ಹಾಗೆ ಕಾಣುತ್ತದೆ. 220ರಲ್ಲಿ ವಯಸ್ಸು ಕಳೆದು ನಾಡಿಯ ಗುರಿ ಇಡುವ ಪಾಠವೂ ಅವರಿಗೆ ಒಗ್ಗುವುದಿಲ್ಲ. ಆ ಅಂಕಿ ಮುಟ್ಟಲೇಬೇಕೆಂದು ಅವನು ಕೆರೆ ಏರಿ ಮೇಲೆ ಓಡುವುದು ಬೇಡ. ಯಾವ ಮಾತ್ರೆ ಎಂದು ಚೀಟಿ ನೋಡಿ, ನಡಿಗೆ ಎಷ್ಟು ಚುರುಕಾಗಿರಬಹುದು ಎಂದು ಡಾಕ್ಟರನ್ನೇ ಕೇಳಿಸು. ನಡೆಯುತ್ತಾ ಮಾತಾಡಲು ಬರಬೇಕು, ಹಾಡಲು ಬರಬಾರದು. ಡಾಕ್ಟರು ಹೇಳುವವರೆಗೆ ಅವನಿಗೆ ಅಷ್ಟು ವೇಗ ಸಾಕು.