ಒಂದು ಕಲಂ, ಒಂದು ನಗರಸಭೆ: ಕಾನೂನು ಸಂಶೋಧನೆ ಮಾಡಹೊರಟವರಿಗೆ

ಕಾನೂನು, ರಾಜ್ಯಶಾಸ್ತ್ರ, ಸಮಾಜಕಾರ್ಯ ಓದುವವರ ಕಿರುಪ್ರಬಂಧಗಳು ಸಾಮಾನ್ಯವಾಗಿ ಒಂದೇ ಕಡೆ ಬಂದು ನಿಲ್ಲುತ್ತವೆ: ಕಾಯ್ದೆ ಚೆನ್ನಾಗಿದೆ, ಅನುಷ್ಠಾನ ಸರಿಯಿಲ್ಲ. ಇಷ್ಟನ್ನು ಚಹಾದಂಗಡಿಯಲ್ಲಿ ಕೂತವರೂ ಹೇಳುತ್ತಾರೆ. ಜಾರಿ ಮಾಡಬೇಕಾದ ಕಚೇರಿಗೆ ಆ ಕೆಲಸಕ್ಕೆ ಬೇಕಾದ ಜನ, ದುಡ್ಡು, ಕಡತ ಇವೆಯೇ ಎಂದು ಕೇಳಿದಲ್ಲಿಂದ ಸಂಶೋಧನೆ ಶುರು. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯನ್ನೇ ಇಟ್ಟುಕೊಂಡು ನೋಡೋಣ. ಇದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ, ನಿಮ್ಮೂರಿನ ನಗರಸಭೆ ಸಾಕು.

ಹಂತ 1: ಒಂದೇ ಕಲಂ ಆರಿಸಿ

ಇಡೀ ಕಾಯ್ದೆಯ ಮೇಲೆ ಬರೆಯುತ್ತೇನೆಂದು ಹೊರಟರೆ ಯಾವುದೂ ಕೈಗೆ ಸಿಗದು. 19ನೇ ಕಲಂ ತೆಗೆದುಕೊಳ್ಳಿ. ತೆರವು ಮಾಡುವಾಗ ಸರಕು ಜಪ್ತಿ ಮಾಡಿದರೆ ಪಟ್ಟಿ ತಯಾರಿಸಬೇಕು. ಜಪ್ತಿ ಮಾಡಿದವರು ಸಹಿ ಹಾಕಿದ ಪ್ರತಿಯನ್ನು ವ್ಯಾಪಾರಿಗೆ ಕೊಡಬೇಕು. ವ್ಯಾಪಾರಿ ಶುಲ್ಕ ಕಟ್ಟಿ ಕೇಳಿದರೆ, ಕೆಡದ ಸರಕನ್ನು ಎರಡು ಕೆಲಸದ ದಿನಗಳೊಳಗೆ, ಹಣ್ಣು-ಸೊಪ್ಪಿನಂಥದ್ದನ್ನು ಕೇಳಿದ ದಿನವೇ ಹಿಂದಿರುಗಿಸಬೇಕು. ಇಷ್ಟು ಸ್ಪಷ್ಟವಾದ ಕರ್ತವ್ಯವಿದ್ದರೆ ಪ್ರಶ್ನೆ ತಾನಾಗಿ ಹುಟ್ಟುತ್ತದೆ: ನಮ್ಮ ನಗರಸಭೆಯಲ್ಲಿ ಈ ಪಟ್ಟಿಯ ಪುಸ್ತಕ ಇದೆಯೇ?

ಹಂತ 2: ಕಾಯ್ದೆಯ ಮೂಲ ಪಾಠ ಓದಿ, ‘ಯಾರು’ ಎಂದು ಬರೆದುಕೊಳ್ಳಿ

ಗೈಡು ಬೇಡ, ಪತ್ರಿಕಾ ಸಾರಾಂಶವೂ ಬೇಡ. ಇಂಡಿಯಾ ಕೋಡ್ ಜಾಲತಾಣದಲ್ಲಿ ಕಾಯ್ದೆ ಉಚಿತವಾಗಿ ಸಿಗುತ್ತದೆ. ರಾಜ್ಯದ ನಿಯಮ ಮತ್ತು ಯೋಜನೆಗಳನ್ನು ರಾಜಪತ್ರದಲ್ಲಿ ಹುಡುಕಿ. ನಂತರ ಪ್ರತಿ ಕರ್ತವ್ಯದ ಎದುರು ಅದು ಯಾರ ಹೆಗಲ ಮೇಲಿದೆ ಎಂದು ಗುರುತು ಹಾಕಿ. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಸುವುದು ಪಟ್ಟಣ ವ್ಯಾಪಾರ ಸಮಿತಿಯ ಕೆಲಸ. ಕುಂದುಕೊರತೆ ಸಮಿತಿ ರಚಿಸಬೇಕಾದದ್ದು ರಾಜ್ಯ ಸರ್ಕಾರ. ಅದಕ್ಕೆ ಅಧ್ಯಕ್ಷರಾಗಲು ಸಿವಿಲ್ ನ್ಯಾಯಾಧೀಶರೋ ನ್ಯಾಯಿಕ ದಂಡಾಧಿಕಾರಿಯೋ ಆಗಿದ್ದವರೇ ಬೇಕು. ಇದನ್ನು ನೋಡದೆ ‘ಸಮಿತಿಯೇ ಇಲ್ಲ’ ಎಂದು ಪೌರಾಯುಕ್ತರನ್ನು ದೂರಿದರೆ ಪ್ರಬಂಧ ಅಲ್ಲಿಗೇ ಬಿದ್ದುಹೋಗುತ್ತದೆ.

ಹಂತ 3: ಕಚೇರಿಯ ತ್ರಾಣ ಅಳೆಯಿರಿ

ಶ್ರಮವೆಲ್ಲ ಇಲ್ಲೇ ಹೋಗಬೇಕು. ಮೊದಲು ಜನ: ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಈ ವಿಷಯದ ಕಡತ ಯಾವ ಕೇಸ್ ವರ್ಕರ್ ಮೇಜಿನಲ್ಲಿದೆ, ಅವರ ಬಳಿ ಬೇರೆ ಯಾವ್ಯಾವ ಪ್ರಭಾರ ಇದೆ. ಜನನ-ಮರಣ ನೋಂದಣಿ ನೋಡುವವರಿಗೇ ಬೀದಿ ವ್ಯಾಪಾರಿಗಳ ಕಡತವನ್ನೂ ಕೊಟ್ಟಿದ್ದರೆ ಅದು ಆಲಸ್ಯದ ಕಥೆಯಲ್ಲ. ಆಮೇಲೆ ದುಡ್ಡು: ಆಯವ್ಯಯದಲ್ಲಿ ಇದಕ್ಕೆಂದು ಲೆಕ್ಕಶೀರ್ಷಿಕೆ ಇದೆಯೇ? ಇದ್ದರೆ ಖರ್ಚಾಗಿದೆಯೇ?

ಜಪ್ತಿಯ ದಿನ ಏನಾಗುತ್ತದೆ ಎಂದು ಹೆಜ್ಜೆ ಹೆಜ್ಜೆಯಾಗಿ ಕೇಳಿ. ಟ್ರ್ಯಾಕ್ಟರ್ ಜೊತೆ ಯಾರು ಹೋಗುತ್ತಾರೆ? ಆತ ಕಾಯಂ ನೌಕರನೋ ಹೊರಗುತ್ತಿಗೆಯವನೋ, ಸಹಿ ಹಾಕುವ ಅಧಿಕಾರ ಅವನಿಗೆ ಇದೆಯೇ? ಟೊಮೆಟೊ ಕ್ರೇಟನ್ನು ಎಲ್ಲಿ ಇಳಿಸುತ್ತಾರೆ? ಸಂಜೆ ಆರಕ್ಕೆ ವ್ಯಾಪಾರಿ ಬಂದರೆ ಶುಲ್ಕ ಕಟ್ಟಿಸಿಕೊಂಡು ರಸೀದಿ ಹರಿಯುವವರು ಕಚೇರಿಯಲ್ಲಿ ಇರುತ್ತಾರೆಯೇ? ಯಾರೂ ಇಲ್ಲವೆಂದಾದರೆ ‘ಕೇಳಿದ ದಿನವೇ’ ಎಂಬ ಕಾಯ್ದೆಯ ಮಾತು ಆ ಊರಿನಲ್ಲಿ ನಡೆಯುವಂಥದ್ದಲ್ಲ. ನನ್ನನ್ನು ಕೇಳಿದರೆ, ಇಂಥ ಒಂದು ಸಂಗತಿಯನ್ನು ದಾಖಲೆಸಮೇತ ತೋರಿಸಿದರೂ ಎಂ.ಎ. ಪ್ರಬಂಧಕ್ಕೆ ಸಾಕು.

ಹಂತ 4: ಮಾಹಿತಿ ಹಕ್ಕಿನ ಅರ್ಜಿ

‘ಏಕೆ ಮಾಡಿಲ್ಲ?’ ಎಂದು ಬರೆದರೆ ಉತ್ತರ ಬರುವುದಿಲ್ಲ. ದಾಖಲೆಯ ಪ್ರತಿ ಕೇಳಿ. ‘ಇಂಥ ವರ್ಷದ ಜಪ್ತಿ ಪಟ್ಟಿಗಳ ದೃಢೀಕೃತ ನಕಲು’, ‘ಪಟ್ಟಣ ವ್ಯಾಪಾರ ಸಮಿತಿ ಸಭೆಯ ನಡಾವಳಿ’ ಎಂಬ ಹಾಗೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಪದ ಮೀರಬಾರದು. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನ. ಅದು ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ. ಹಾಗಾಗಿ ಅರ್ಜಿಯನ್ನು ಸೆಮಿಸ್ಟರ್ ಆರಂಭದಲ್ಲೇ ಹಾಕಿ, ಆವಕ ಮೊಹರು ಬಿದ್ದ ಪ್ರತಿ ಇಟ್ಟುಕೊಳ್ಳಿ. ‘ಅಂಥ ದಾಖಲೆ ಲಭ್ಯವಿಲ್ಲ’ ಎಂಬ ಉತ್ತರ ಬಂದರೆ ಬೇಸರ ಬೇಡ, ಅದೇ ನಿಮ್ಮ ಅತ್ಯುತ್ತಮ ಪುರಾವೆ.

ನಡಾವಳಿ ಸಿಕ್ಕರೆ ನಿರ್ಣಯಕ್ಕಿಂತ ಮೊದಲು ಹಾಜರಾತಿ ನೋಡಿ. ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿ ಪ್ರತಿನಿಧಿಗಳು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು ಇರಬೇಕು. ಎಷ್ಟು ಸಹಿ ಬಿದ್ದಿದೆ, ಎಣಿಸಿ.

ಹಂತ 5: ಬೀದಿಗೆ ಹೋಗಿ

ವ್ಯಾಪಾರ ಮಂದವಿರುವ ಮಧ್ಯಾಹ್ನ ಹೋಗಿ, ಗಿರಾಕಿ ಬಂದಾಗ ಪಕ್ಕಕ್ಕೆ ಸರಿದು ನಿಲ್ಲಿ. ‘ನಿಮಗೆ ಕಾಯ್ದೆ ಗೊತ್ತೇನಮ್ಮಾ?’ ಎಂದು ಪರೀಕ್ಷೆ ಮಾಡಬೇಡಿ; ‘ಹೋದ ಸಲ ತಕ್ಕಡಿ ಎತ್ಕೊಂಡು ಹೋದಾಗ ಚೀಟಿ ಕೊಟ್ರಾ?’ ಎಂದು ಕೇಳಿ. ಹೆಸರು, ಗಾಡಿ ನಿಲ್ಲುವ ಜಾಗ ಬರೆಯಬೇಡಿ. ನಿಮ್ಮ ಪ್ರಬಂಧದಿಂದ ಅವರ ಜಾಗ ಹೋಗುವಂತಾಗಬಾರದು.

ಹಂತ 6: ಬರೆಯುವಾಗ

ಕಾಯ್ದೆ ಏನನ್ನುತ್ತದೆ, ಕಚೇರಿಯ ದಾಖಲೆ ಏನನ್ನುತ್ತದೆ, ಬೀದಿಯವರು ಏನನ್ನುತ್ತಾರೆ ಎಂಬುದನ್ನು ಬೆರೆಸದೆ ಬೇರೆ ಬೇರೆಯಾಗಿಯೇ ಬರೆಯಿರಿ. ನಗರ ಸ್ಥಳೀಯ ಸಂಸ್ಥೆಗಳಿಗೆ ಸಂಬಂಧಿಸಿದ ಸಂವಿಧಾನದ 74ನೇ ತಿದ್ದುಪಡಿಯ ಜಾರಿ ಕುರಿತು ಕರ್ನಾಟಕದಲ್ಲಿ ನಡೆದ ಸಿಎಜಿ ಲೆಕ್ಕಪರಿಶೋಧನೆಯ ವರದಿ ಓದಿದರೆ ನಿಮ್ಮೂರಿನ ಕೊರತೆ ರಾಜ್ಯದ ಚಿತ್ರದಲ್ಲಿ ಎಲ್ಲಿ ನಿಲ್ಲುತ್ತದೆಂದು ತಿಳಿಯುತ್ತದೆ. ಶಿಫಾರಸು ಎರಡೇ ಇರಲಿ, ಮುಖ್ಯಾಧಿಕಾರಿಯೋ ಪೌರಾಯುಕ್ತರೋ ತಮ್ಮ ಅಧಿಕಾರದಲ್ಲೇ ಮಾಡಬಹುದಾದಂಥವು: ಮುದ್ರಿತ ಜಪ್ತಿ ಪುಸ್ತಕ, ಸಂಜೆ ಸರಕು ಹಿಂದಿರುಗಿಸಲು ಒಬ್ಬ ಸಿಬ್ಬಂದಿ. ವಿಶ್ವವಿದ್ಯಾಲಯಕ್ಕೆ ಸಲ್ಲಿಸುವ ಮುನ್ನ ಒಂದೊಂದು ಕನ್ನಡ ಪ್ರತಿಯನ್ನು ನಗರಸಭೆಗೂ ವ್ಯಾಪಾರಿಗಳ ಸಂಘಕ್ಕೂ ಕೊಟ್ಟು, ತಪ್ಪಿದ್ದರೆ ತಿದ್ದಿಕೊಡಿ ಎಂದು ಕೇಳಿ.